ಮಾನವ್ವನ ಹತ್ತಿ ಹಾಸು

ನರಗುಂದದ ಈ ಹತ್ತಿ ಗೋದಾಮಿನ ಬಾಗಿಲು ತೆರೆದಾಗ ಇನ್ನೂ ಪೂರ್ತಿ ಬೆಳಕಾಗಿಲ್ಲ. ಹಮಾಲರು ಹೊರಗೆ ಚಹಾ ಕುಡಿಯುತ್ತಿದ್ದಾರೆ. ಕಸ ಹೊಡೆಯುವ ಮಾನವ್ವ ಆಗಲೇ ಒಳಗಿದ್ದಾಳೆ, ಆದರೆ ಮಾಡುತ್ತಿರುವುದು ತನ್ನ ಕೆಲಸಕ್ಕೆ ತದ್ವಿರುದ್ಧ. ನಿನ್ನೆ ಸಂಜೆ ಗುಡಿಸಿ ಮೂಲೆಗೆ ಹಾಕಿದ್ದ ಉದುರು ಹತ್ತಿಯನ್ನು ತಬ್ಬಿ ತಂದು, ಅಂಡಗಿಗಳ ಥಪ್ಪಿಯ ಬುಡಕ್ಕೆ ಮೊಣಕಾಲುದ್ದ ಹಾಸುತ್ತಿದ್ದಾಳೆ.

ಅಂಡಗಿ ಎಂದರೆ ಹತ್ತಿ ತುಳಿದು ತುಂಬಿದ, ಆಳೆತ್ತರದ ಗೋಣಿತಟ್ಟಿನ ಚೀಲ. ಒಂದರ ಮೇಲೊಂದರಂತೆ ಛಾವಣಿಯವರೆಗೂ ಒಟ್ಟಿದರೆ ಅದು ಥಪ್ಪಿ. ಇಳಿಸುವಾಗ ಹಮಾಲ ಮೇಲೇರಿ, ತಟ್ಟಿಗೆ ಕೊಕ್ಕೆ ಹಾಕಿ, ಹಿಂದೆ ಹಿಂದೆ ನಡೆಯುತ್ತ ಎಳೆಯಬೇಕು. ತಟ್ಟು ಹಳೆಯದಾಗಿದ್ದರೆ ಹರಿದು ಕೊಕ್ಕೆ ಕಳಚುತ್ತದೆ. ಎಳೆಯುವವನ ಬೆನ್ನ ಹಿಂದೆ ಆಗ ಬರೀ ಗಾಳಿ.

ಕನ್ನಡ ನಾಡು ಒಂದಾದ ವರ್ಷ ಮಾನವ್ವನ ಗಂಡ ಪರಶಪ್ಪ ಬಿದ್ದದ್ದು ಹೀಗೆಯೇ. ಸೊಂಟ ಮುರಿದವನು ಈಗ ಮನೆಯ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಾನೆ.

"ಗೋದಾಮಿನ ತುಂಬ ಹತ್ತಿ ಇತ್ರಿ. ಇವ್ರು ಬಿದ್ದಲ್ಲಿ ಒಂದ್ ಹಿಡಿ ಇರಲಿಲ್ಲ. ಬರೇ ಹಾಸಗಲ್ಲು. ಮುಂಜಾನಿ ನಾನೇ ಚೊಕ್ಕ ಗುಡಿಸಿದ್ದೆ" ಎಂದು ಮಾನವ್ವ ನನಗೆ ಹೇಳುತ್ತಾಳೆ.

ಆವತ್ತಿನಿಂದ ಶುರುವಾಯಿತು ಈ ಹಾಸು. ಮಾಲೀಕ ಅಂದಾನಪ್ಪ ಸಾವಕಾರರಿಗೆ ಇದು ಸುತರಾಂ ಹಿಡಿಸಲಿಲ್ಲ. "ಗುಡಸು ಅಂದ್ರ ಹರವತಿಯೇನಬೇ?" ಎಂದು ರೇಗುತ್ತಿದ್ದರು. ಮಾನವ್ವ "ಹೂನ್ರೀ" ಎನ್ನುತ್ತಿದ್ದಳು, ಮರುದಿನ ಮತ್ತೆ ಹಾಸುತ್ತಿದ್ದಳು. ಹೆಂಗಸು ಮಹಾ ಹಟಮಾರಿ, ಪುಣ್ಯಕ್ಕೆ.

ಹೋದ ವಾರ, ಇಲ್ಲೇ ಹಮಾಲನಾಗಿರುವ ಅವಳ ತಮ್ಮ ಅಜ್ಜಪ್ಪನ ಕೊಕ್ಕೆ ಕಳಚಿ, ಅವನು ಮೇಲಿನಿಂದ ಬಿದ್ದ. ಸದ್ದು ಕೇಳಿ ಸಾವಕಾರರು ಗಾದಿ ಬಿಟ್ಟು ಬರಿಗಾಲಲ್ಲೇ ಓಡಿಬಂದರು. ಅಜ್ಜಪ್ಪ ಹತ್ತಿಯೊಳಗಿಂದ ಎದ್ದು ಕುಳಿತು, ಮೀಸೆ ಒರೆಸಿಕೊಂಡು, "ಯಕ್ಕಾ, ನನ್ನ ರುಮಾಲ ಎಲ್ಲಿ ಬಿತ್ತು ನೋಡು" ಎಂದನಂತೆ. ಮಾನವ್ವ ಅಲ್ಲೇ ಕುಳಿತು ಮನಸಾರೆ ಅತ್ತಳಂತೆ. ಇದನ್ನು ಕೇಳುತ್ತಿದ್ದ ನನಗೂ ಜೀವ ಹಗುರಾಯಿತು.

ಈಗ ಸಾವಕಾರರೇ ಬಾಗಿಲಲ್ಲಿ ನಿಂತು, "ಹಾಸಿದೇನಬೇ ಮಾನವ್ವಾ?" ಎಂದು ಕೇಳದೆ ಯಾರನ್ನೂ ಮೇಲೆ ಕಳಿಸುವುದಿಲ್ಲ.

ಬಿದ್ದ ಮೇಲೆ ಇವತ್ತೇ ಮೊದಲ ಸಲ ಅಜ್ಜಪ್ಪ ಥಪ್ಪಿ ಏರುತ್ತಿದ್ದಾನೆ. ಮಾನವ್ವ ಪೊರಕೆ ಹಿಡಿದು ಕೆಳಗೇ ನಿಂತಿದ್ದಾಳೆ. ಅವನು ಕೊನೆಯ ಅಂಡಗಿ ಇಳಿಸಿ, ತನ್ನ ಕಾಲ ಮೇಲೆ ತಾನೇ ಇಳಿದು ಬಂದ ಮೇಲೆಯೇ ಅವಳು ನನ್ನ ಕಡೆ ತಿರುಗುವುದು. ಇನ್ನೇನು ಆಸೆ ನಿನಗೆ ಎಂದು ಕೇಳುತ್ತೇನೆ.

ಅವಳು ಕಾಲ ಬಳಿಯ ಹತ್ತಿಯನ್ನು ನೋಡುತ್ತಾಳೆ.

"ನಾ ಹಾಸಿದ್ದು ಇನ್ನ ಯಾರ ಉಪಯೋಗಕ್ಕೂ ಬರಬಾರ್ದ್ರಿ. ಮುಂಜಾನಿ ಹ್ಯಾಂಗ ಹಾಸಿರ್ತೀನಿ, ಸಂಜಿಗೆ ಹಾಂಗ ಇರಬೇಕು."