ಕನ್ನಡಕ ಹಾಕಿಕೊಂಡು ಹಾರಿದ ವೀರ

ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಲೈಟಣ್ಣ ಎನ್ನುತ್ತಿದ್ದರು. ದೀಪ ಕಟ್ಟುವುದು, ಇಳಿಸುವುದು, ಸುಟ್ಟ ವೈರು ಬದಲಿಸುವುದು ಅವನ ಕೆಲಸ. ಹಾರುವುದು ಅವನ ಕೆಲಸವಾಗಿರಲಿಲ್ಲ.

ಆಗ ಟಿವಿಯಲ್ಲಿ ವಾರಕ್ಕೊಮ್ಮೆ ಒಬ್ಬ ಮಹಾವೀರನ ಧಾರಾವಾಹಿ ಬರುತ್ತಿತ್ತು. ಹಸಿರು ಬಿಗಿಯುಡುಪು, ಬೆನ್ನಿಗೆ ಹಳದಿ ಬಟ್ಟೆ, ಅರ್ಧ ಮುಖಕ್ಕೆ ಮುಖವಾಡ. ವೀರನ ಪಾತ್ರದ ನಟನಿಗೆ ಕುರ್ಚಿಯ ಮೇಲೆ ನಿಂತರೂ ತಲೆ ಸುತ್ತುತ್ತಿತ್ತು. ಅವನ ಬದಲು ಹಗ್ಗಕ್ಕೆ ಜೋತು ಹಾರುತ್ತಿದ್ದ ಸ್ಟಂಟ್‌ನವನು ಒಂದು ದಿನ ಜ್ವರ ಬಂದು ಮಲಗಿಬಿಟ್ಟ. ನಿರ್ದೇಶಕರು ಸುತ್ತ ಕಣ್ಣಾಡಿಸಿದರು. ಎತ್ತರ, ಮೈಕಟ್ಟು ಎರಡೂ ಹೊಂದುವವನು ಏಣಿಯ ಮೇಲೆ ಬಲ್ಬು ತಿರುಗಿಸುತ್ತಿದ್ದ ಲೈಟಣ್ಣ ಒಬ್ಬನೇ.

ತೊಡಕಿದ್ದದ್ದು ಮನೆಯಲ್ಲಿ. ಹೆಂಡತಿಯ ತಮ್ಮ ಕಟ್ಟಡದ ಕೆಲಸದಲ್ಲಿ ಹಗ್ಗ ಬಿಚ್ಚಿಕೊಂಡು ಬಿದ್ದು, ಕಾಲು ಕಳೆದುಕೊಂಡಿದ್ದ. ಹಗ್ಗಕ್ಕೆ ಜೋತುಬೀಳುವ ಕೆಲಸ ಏನೇ ಆದರೂ ಬೇಡ ಎಂದು ಅವಳು ಗಂಡನಿಂದ ಮಾತು ತೆಗೆದುಕೊಂಡಿದ್ದಳು. ಲೈಟಣ್ಣ ನಿರ್ದೇಶಕರಿಗೆ ಹೂಂ ಎಂದ, ಮನೆಯಲ್ಲಿ ಏನೂ ಹೇಳಲಿಲ್ಲ.

ಮುಖವಾಡ ಹಾಕಲೆಂದು ತನ್ನ ದಪ್ಪ ಕನ್ನಡಕ ತೆಗೆದು ಹಾರಿದಾಗ ಅವನು ಕಣ್ಣು ಕಾಣದೆ ನೇರ ಹೋಗಿ ರಟ್ಟಿನ ಗೋಪುರಕ್ಕೆ ಗುದ್ದಿದ. ವೀರ ಕಾಪಾಡಬೇಕಿದ್ದ ಗೋಪುರ ಅದೇ. ಬಡಗಿ ಅದನ್ನು ಎತ್ತಿ ನಿಲ್ಲಿಸಿ, ಇನ್ನೊಂದು ಗುದ್ದು ಇದು ತಡೆಯುವುದಿಲ್ಲ ಎಂದ. ಕನ್ನಡಕ ಹಾಕಿಕೊಂಡೇ ಹಾರಲಿ, ಇಷ್ಟು ದೂರದಿಂದ ಯಾರಿಗೆ ಕಾಣುತ್ತದೆ ಎಂದರು ನಿರ್ದೇಶಕರು.

ಎಲ್ಲರಿಗೂ ಕಂಡಿತು. ವೀರ ಕನ್ನಡಕ ಹಾಕಿಕೊಂಡು ಹಾರಿದ, ಕನ್ನಡಕವಿಲ್ಲದೆ ಇಳಿದ. ಅದು ಗೋಡೆಯಾಚೆ ನೋಡುವ ಕನ್ನಡಕವೆಂದು ಮಕ್ಕಳು ತೀರ್ಮಾನಿಸಿದರು. ನಿರ್ದೇಶಕರು ತಾವೂ ಹಾಗೇ ಅಂದುಕೊಂಡಿದ್ದಾಗಿ ಹೇಳಿದರು. ಮುಂದಿನ ಕಂತಿನಿಂದ ನಟನೂ ಕನ್ನಡಕ ಹಾಕಬೇಕಾಯಿತು.

ಆ ಕಂತನ್ನು ಲೈಟಣ್ಣನ ಹೆಂಡತಿ ಮನೆ ಮಾಲೀಕರ ಹಜಾರದಲ್ಲಿ ಕೂತು ನೋಡಿದಳು. ಅಕ್ಕಪಕ್ಕದವರು ಚಪ್ಪಾಳೆ ತಟ್ಟುತ್ತಿದ್ದಾಗ ಅವಳ ಕಣ್ಣು ಕನ್ನಡಕದ ಮುರಿದ ಕಡ್ಡಿಗೆ ಸುತ್ತಿದ್ದ ದಾರದ ಮೇಲಿತ್ತು. ಮನೆಗೆ ಬಂದು ಗಂಡನ ಮುಂದೆ ತಟ್ಟೆಯಿಟ್ಟಳು.

"ವೀರನ ಕನ್ನಡಕಕ್ಕೆ ದಾರ ಸುತ್ತಿದ್ದು ಯಾರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ಅವನ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು.

"ನೀನೇ."

"ಹಗ್ಗ ಕಟ್ಟಿದ್ದು?"

"ಯಾರೋ."

ಆ 'ಯಾರೋ' ಯಾರೆಂದು ನೋಡಲು ಅವಳು ಮುಂದಿನ ಚಿತ್ರೀಕರಣದ ದಿನ ಮನೆಗೆ ಬೀಗ ಹಾಕಿ ಸ್ಟುಡಿಯೋಗೆ ಬಂದಳು. ಯಾರನ್ನೂ ಕೇಳದೆ ಹಗ್ಗದ ಗಂಟುಗಳನ್ನು ಒಂದೊಂದಾಗಿ ಜಗ್ಗಿ ನೋಡಿದಳು. ಒಂದು ಗಂಟು ಅವಳ ಕೈಗೇ ಬಂತು. ಹಗ್ಗದವರು ಎಲ್ಲ ಗಂಟನ್ನೂ ಬಿಚ್ಚಿ ಮತ್ತೆ ಕಟ್ಟಿದರು. ಸುದ್ದಿ ಕೇಳಿದ ಸ್ಟಂಟ್‌ನವನು ಜ್ವರ ಬಿಟ್ಟ ಮೇಲೂ ವಾಪಸು ಬರಲಿಲ್ಲ. ಹಾರುವ ಕೆಲಸ ಲೈಟಣ್ಣನಿಗೇ ಗಟ್ಟಿಯಾಯಿತು, ಗಂಟು ನೋಡುವ ಕೆಲಸ ಅವನ ಹೆಂಡತಿಗೆ. ಅಕ್ಕ ಜಗ್ಗಿ ನೋಡದೆ ಯಾರನ್ನೂ ಮೇಲೆತ್ತಬಾರದು ಎಂದು ನಿರ್ದೇಶಕರೇ ಹೇಳಿದರು.

ಧಾರಾವಾಹಿ ಮುಗಿದು ಎಷ್ಟೋ ವರ್ಷಗಳಾದ ಮೇಲೆ, ಅದರ ತಪ್ಪುಗಳನ್ನು ಹುಡುಕುವ ಗುಂಪಿನ ಹೆಂಗಸೊಬ್ಬಳು ಅವರ ಮನೆಗೆ ಬಂದಳು. ಕನ್ನಡಕದ ಕಥೆ ಅವರಿಗೆಲ್ಲ ಗೊತ್ತಿತ್ತು. ಕೊನೆಯ ಕಂತಿನ ಒಂದು ತಪ್ಪು ಮಾತ್ರ ಬಗೆಹರಿದಿರಲಿಲ್ಲ. ಅವಳು ಫೋನಿನಲ್ಲಿ ತೋರಿಸಿದಳು. ವೀರ ಚಂದ್ರನ ಮುಂದೆ ಹಾರಿಹೋಗುವಾಗ ಆಕಾಶದ ಅಂಚಿನಲ್ಲಿ ಯಾರದೋ ಮೊಣಕೈ.

"ನಂದೇ" ಎಂದಳು ಲೈಟಣ್ಣನ ಹೆಂಡತಿ. "ಗಂಟು ಸಡಿಲ ಆದಂಗಿತ್ತು. ಹಿಡ್ಕೊಂಡೆ."

"ಶಾಟ್ ನಡೀತಾ ಇತ್ತಲ್ಲಮ್ಮ?"

"ಶಾಟ್ ನಡೆಯೋವಾಗ್ಲೇ ತಾನೇ ಬೀಳೋದು."

ಲೈಟಣ್ಣನಿಗೆ ಇದು ಗೊತ್ತಿರಲಿಲ್ಲ. ಆಗ ಅವನು ಕೆಳಮುಖವಾಗಿ ನೇತಾಡುತ್ತಿದ್ದ. ಇನ್ನೊಮ್ಮೆ ತೋರಿಸಿ ಎಂದ. ಮತ್ತೊಮ್ಮೆ ಎಂದ. ಆಮೇಲೆ, ಇದು ತಪ್ಪುಗಳ ಪಟ್ಟಿಯಲ್ಲಿ ಇರಬಾರದು, ತೆಗೆಯಿರಿ ಎಂದು ಬಂದವಳಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದ.

"ಇರ್ಲಿ ಬಿಡ್ರೀ" ಎಂದಳು ಹೆಂಡತಿ. "ಪಾಪ, ಅಷ್ಟು ಹುಡುಕಿದಾರೆ."