ಮಣ್ಣು ಹತ್ತದ ಅಂಗಿ

ನಮ್ಮ ರಂಗಂಪೇಟೆಯಲ್ಲಿ ಫುಟ್‌ಬಾಲ್ ಆಡುವವನ ಬೆಲೆಯನ್ನು ಅವನ ಅಂಗಿ ನೋಡಿ ಕಟ್ಟುತ್ತಾರೆ. ಆಟ ಮುಗಿದು ತಂಡದವರು ಮೈದಾನದ ಕಲ್ಲುಕಟ್ಟೆಯ ಮುಂದೆ ಹಾಯ್ದು ಹೋಗುವಾಗ ಯಾರ ಬಿಳಿ ಅಂಗಿಗೆ ಹೆಚ್ಚು ಕೆಂಪು ಮಣ್ಣು ಮೆತ್ತಿದೆಯೋ ಅವನೇ ಗಂಡುಮಗ. ಮಣ್ಣು ಹತ್ತದವನು ಮೈಗಳ್ಳ. ಗೋಲು ಯಾರು ಹೊಡೆದರು, ಯಾರು ತಡೆದರು ಎಂಬ ಮಾತು ಆಮೇಲೆ.

ನನ್ನ ಅಣ್ಣನ ಅಂಗಿಗೆ ಮಣ್ಣು ಹತ್ತುತ್ತಿರಲಿಲ್ಲ. ಒಗೆಯುವವಳು ನಾನೇ, ಒಂದು ಸಲ ಜಾಲಿಸಿ ಹಿಂಡಿದರೆ ಮುಗಿಯುತ್ತಿತ್ತು. ಅವನು ಗೋಲಿನ ಮುಂದೆ, ಹಿಂದಿನ ಸಾಲಿನಲ್ಲಿ ಆಡುತ್ತಿದ್ದ. ನಮ್ಮ ಮನೆಯ ಮಾಳಿಗೆ ಮೈದಾನಕ್ಕೆ ಹತ್ತಿಕೊಂಡೇ ಇದೆ. ಹಪ್ಪಳ ಒಣಹಾಕುವ ನೆವದಲ್ಲಿ ಅವನ ಎಲ್ಲ ಪಂದ್ಯಗಳನ್ನೂ ನೋಡಿದ್ದೇನೆ. ಮೇಲಿನಿಂದ ಕಾಣುವುದೇ ಬೇರೆ. ಚೆಂಡು ಎಲ್ಲಿಗೆ ಬರುತ್ತದೆಂದು ಮೊದಲೇ ತಿಳಿದು ಅಲ್ಲಿ ಹೋಗಿ ನಿಂತಿರುತ್ತಿದ್ದ. ಕಾಲಿಗೆ ಬಂದದ್ದನ್ನು ತಳ್ಳಿಬಿಡುತ್ತಿದ್ದ. ಬೀಳುವ ಪ್ರಮೇಯವೇ ಇರಲಿಲ್ಲ. ಕಟ್ಟೆಯ ಮೇಲೆ ಕೂತವರಿಗೆ ಮಾತ್ರ ಅವನು ಸುಮ್ಮನೆ ನಿಂತಂತೆ ಕಾಣುತ್ತಿತ್ತು.

ಕಟ್ಟೆಯ ಯಜಮಾನಿಕೆ ಕಿರಾಣಿ ಅಂಗಡಿಯ ಸಾವುಕಾರರದು. ತಂಡಕ್ಕೆ ಬೂಟು, ಅಂಗಿ ಕೊಡಿಸುವವರು ಅವರೇ, ಹಾಗಾಗಿ ಯಾರು ಆಡಬೇಕೆಂದು ಹೇಳುವವರೂ ಅವರೇ. ಹಣೆತುಂಬ ವಿಭೂತಿ, ಕೈಯಲ್ಲಿ ಮೊಬೈಲು. ಅದರಲ್ಲಿ ಯುರೋಪಿನ ಪಂದ್ಯಗಳನ್ನು ನೋಡಿ ನೋಡಿ ಅವರಿಗೆ ಸಕಲವೂ ತಿಳಿದಿತ್ತು.

“ನವಾಬ ಬಂದಾನ ನೋಡ್ರೆಪಾ, ಇಸ್ತ್ರಿ ಸುದ್ದಾ ಮುರದಿಲ್ಲ,” ಎಂದು ಅಣ್ಣನನ್ನು ಕಂಡಾಗಲೆಲ್ಲ ಅನ್ನುತ್ತಿದ್ದರು. ಕಟ್ಟೆಯವರು ನಗುತ್ತಿದ್ದರು. ಅಣ್ಣನೂ ನಗುತ್ತಿದ್ದ. ಮನೆಗೆ ಬಂದು ಊಟ ಬಿಡುತ್ತಿದ್ದ.

ಯಾದಗಿರಿಯವರ ಜೊತೆಗಿನ ಪಂದ್ಯದ ಹಿಂದಿನ ದಿನ ಸಾವುಕಾರರು ಅಣ್ಣನನ್ನು ಅಂಗಡಿಗೆ ಕರೆಸಿದರು. “ಇದೊಂದ್ ಸಲ ನೋಡ್ತೀನಿ. ಮೈ ಬಗ್ಗಿಸಿ ಆಡ್ದಿ ಅಂದ್ರ ತಂಡದಾಗ ಇರ್ತಿ. ಇಲ್ಲಂದ್ರ ಶಹಾಪುರದಾಂವ ಒಬ್ಬ ಬರಾಕ ತಯಾರ್ ಅದಾನ,” ಎಂದರಂತೆ. ಅಣ್ಣ ಹಗಲೆಲ್ಲ ಏಣಿ ಹತ್ತಿ ಮನೆಗಳಿಗೆ ಬಣ್ಣ ಹಚ್ಚುವವನು. ಸಂಜೆಯ ಆ ಮೈದಾನ ಬಿಟ್ಟರೆ ತನ್ನದು ಅನ್ನುವಂಥದ್ದು ಅವನಿಗೆ ಇನ್ನೇನೂ ಇರಲಿಲ್ಲ.

“ನಾಳಿಗಿ ಅಂಗಿ ಹೊಲಸ ಮಾಡ್ಕೊಂಡ್ ಬರ್ತೀನವಾ, ನಿನಗ ಕೆಲಸ ಜಾಸ್ತಿ,” ಎಂದು ಆ ರಾತ್ರಿ ನನಗೆ ಹೇಳಿದ.

“ಚೆಂಡ ತಡಿಯಾಕ ಬೀಳಬೇಕಾದ್ರ ಬೀಳಣ್ಣ. ಅವರಿಗಿ ತೋರ್ಸಾಕ ಬೀಳಬ್ಯಾಡ,” ಎಂದೆ. ಅವನು ಬೂಟು ಒರೆಸುತ್ತ ಕೂತ.

ಮರುದಿನ ಅವನು ಬಿದ್ದದ್ದೇ ಬಿದ್ದದ್ದು. ಬೇಡದ ಕಡೆಯೆಲ್ಲ ಜಾರಿದ, ಉರುಳಿದ. ಕಟ್ಟೆಯಿಂದ ಸಿಳ್ಳೆಯೋ ಸಿಳ್ಳೆ. ಅವನು ಬಿದ್ದು ಖಾಲಿಬಿಟ್ಟ ಜಾಗದಿಂದಲೇ ಯಾದಗಿರಿಯವರು ಎರಡು ಗೋಲು ಹೊಡೆದರು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆಟ ಮುಗಿಯಲು ಬಂದಾಗ ಚೆಂಡೊಂದು ಮೈದಾನದ ಪಕ್ಕದ ಗೆರೆಯಾಚೆ ಹೋಗುತ್ತಿತ್ತು. ತಾನಾಗಿಯೇ ಹೋಗುತ್ತಿತ್ತು, ಮಾಳಿಗೆಯಿಂದ ಸ್ಪಷ್ಟ ಕಂಡಿತು. ಅಣ್ಣನಿಗೂ ಕಂಡಿತ್ತು, ಯಾಕೆಂದರೆ ಅವನು ನಿಂತುಬಿಟ್ಟಿದ್ದ. ಆಮೇಲೆ ಕಟ್ಟೆಯ ಕಡೆ ಒಮ್ಮೆ ನೋಡಿದ, ಓಡಿಹೋಗಿ ಕಾಲು ಚಾಚಿ ಬಿದ್ದ. ಮೊಣಕಾಲು ಮೈಯ ಕೆಳಗೆ ಮಡಚಿಕೊಂಡಿತು. ಅವನ ಕೂಗು ಆ ಸಿಳ್ಳೆಗಳ ನಡುವೆ ಯಾರಿಗೂ ಕೇಳಿಸಲಿಲ್ಲ.

ಕಲಬುರಗಿಯ ಡಾಕ್ಟರು ಲಿಗಮೆಂಟ್ ಹರಿದಿದೆ, ಏಣಿ ಹತ್ತುವ ಕೆಲಸ ಬಿಡಬೇಕು ಎಂದರು. ಆಪರೇಷನ್ ಆದಮೇಲೂ ಕಾಲು ಪೂರ್ತಿ ಮಡಚಲಿಲ್ಲ. ಅವನು ಬಿದ್ದದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಹಾಡು ಸೇರಿಸಿ ಊರವರೆಲ್ಲ ಸ್ಟೇಟಸ್ ಇಟ್ಟುಕೊಂಡರು. ಸಾವುಕಾರರು ಹಣ್ಣು ಹಿಡಿದು ನೋಡಲು ಬಂದರು. “ಇಷ್ಟ್ ವರ್ಷಕ್ಕ ಒಂದಿನಾ ಖರೇ ಆಡಿದಿ ನೋಡಪಾ,” ಎಂದು ಬೆನ್ನು ಚಪ್ಪರಿಸಿದರು. ಅಂಥವರಿಗೆ ಚಹಾ ಮಾಡಿಕೊಟ್ಟೆನಲ್ಲ ಎಂದು ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅಣ್ಣನ ಮುಖ ಮಾತ್ರ ಅರಳಿತ್ತು. ಆ ಅಂಗಿಯನ್ನು ಒಗೆಯಬೇಡ ಎಂದ. ಮಣ್ಣಿನ ಸಮೇತ ಅದು ಇನ್ನೂ ಗೂಟಕ್ಕೆ ತೂಗುತ್ತಿದೆ.

ಈಗ ಅವನು ಸಾವುಕಾರರ ಅಂಗಡಿಯಲ್ಲಿ ಕೂತು ಬೇಳೆ ತೂಗುತ್ತಾನೆ. ಸಂಜೆ ಕಟ್ಟೆಯ ಮೇಲೆ ಅವರ ಪಕ್ಕದಲ್ಲೇ ಅವನಿಗೆ ಜಾಗ. ಹೋದ ವಾರ ಚಹಾ ಕೊಡಲು ಅಲ್ಲಿಗೆ ಹೋಗಿದ್ದೆ. ಅಣ್ಣನ ಬದಲು ಬಂದಿರುವ ಶಹಾಪುರದವನು ಚೆಂಡು ಬರುವ ಮೊದಲೇ ಹೋಗಿ ನಿಂತಿದ್ದ, ಕಾಲಿಗೆ ಬಂದದ್ದನ್ನು ಮೆಲ್ಲಗೆ ತಳ್ಳಿದ. ಥೇಟ್ ಅಣ್ಣನ ಆಟ.  ಅಣ್ಣನಾದರೂ ಆ ಆಟವನ್ನು ಗುರುತಿಸುತ್ತಾನೆಂದು ಅವನ ಮುಖ ನೋಡಿದೆ.

ಅಣ್ಣ ಮಡಚದ ಕಾಲನ್ನು ಎರಡೂ ಕೈಯಿಂದ ಎತ್ತಿ ಸರಿಸಿಕೊಂಡು, ಸಾವುಕಾರರ ಕಡೆ ಬಾಗಿ ಹೇಳಿದ: “ಅಂಗಿ ನೋಡ್ರಿ ಅವಂದು, ಎಳ್ಳಷ್ಟೂ ಮಣ್ಣ ಹತ್ತಿಲ್ಲ. ತಂಡದಾಗಿಂದ ತಗದ ಒಗೀರಿ ಇವನ್ನ.”