ಬಸ್ ನಿಲ್ದಾಣದಲ್ಲಿ ಬಿದ್ದ ಚುಕ್ಕೆಗಳು

ಕಳೆದ ವಾರ ಉಪ್ಪಿನಕಾಯಿಯ ಖಾಲಿ ಬಾಟಲಿಗೆ ಮೆಂತ್ಯ ತುಂಬಿಡೋಣವೆಂದು ಅದರ ಲೇಬಲ್ಲಿಗೆ ಕೊಬ್ಬರಿ ಎಣ್ಣೆ ಸವರಿ ಉಜ್ಜುತ್ತಿದ್ದೆ. ಎಣ್ಣೆ, ಅಂಟು, ನೆನೆದ ಕಾಗದ ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ಕೈ ನಿಂತುಬಿಟ್ಟಿತು. ಈ ಉಪಾಯ ಕಲಿಸಿದವಳು ಅಕ್ಕ. ಕಲಿಸಿದ್ದು ಮೆಂತ್ಯದ ಬಾಟಲಿಗಲ್ಲ. ಎಚ್‌ಐವಿ ಮಾತ್ರೆಯ ಬಿಳಿ ಡಬ್ಬಿಯನ್ನು ಮನೆಗೆ ಒಯ್ಯುವ ಹೆಂಗಸರಿಗೆ, ಅತ್ತೆಯೋ ಪಕ್ಕದ ಮನೆಯವರೋ ಅದರ ಮೇಲಿನದನ್ನು ಓದದಿರಲೆಂದು...

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನಗಿಂತ ಎರಡು ವರ್ಷ ಚಿಕ್ಕವಳೇ. ಕಚೇರಿಯಲ್ಲಿ ಎಲ್ಲರೂ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಮದ್ರಾಸಿನ ಕೋಯಂಬೇಡು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಬಾಳೆಕಾಯಿ ಮಂಡಿಯ ಮೇಲಿನ ಮಹಡಿಯಲ್ಲಿ ನಮ್ಮ ಸಂಸ್ಥೆ ಇತ್ತು. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಆದರೆ ಮಾತ್ರೆ ಬಿಟ್ಟವರನ್ನು ಹುಡುಕಿ ಮರಳಿ ಕರೆತರುವ ಕೆಲಸಕ್ಕೆ ಹಣ ವಿದೇಶದಿಂದ ಬರುತ್ತಿತ್ತು. ಹುಡುಕುವವಳು ಅಕ್ಕ. ಅವಳು ಹುಡುಕಿದ್ದನ್ನು ಕಂಪ್ಯೂಟರಿಗೆ ತುಂಬುವವಳು ನಾನು. ಅವಳೂ ಅದೇ ಮಾತ್ರೆ ನುಂಗುವವಳು, ಅದನ್ನು ನಮ್ಮಿಂದ ಮುಚ್ಚಿಟ್ಟವಳಲ್ಲ. "ನಮ್ಮ ಯಜಮಾನ್ರು ನಂಗೆ ಕೊಟ್ಟಿದ್ದು ಎರಡೇ. ಒಂದು ತಾಲಿ, ಒಂದು ಇದು. ತಾಲೀನ ಅಡ ಇಟ್ಟೆ. ಇದನ್ನ ಯಾವ ಸೇಟೂ ತಗೊಳ್ಳಲ್ವಲ್ಲಪ್ಪಾ!" ಎಂದು ಅವಳೇ ನಗುತ್ತಿದ್ದಳು. ಅವಳದು ಅಜ್ಜಿಯ ಕಾಲದಲ್ಲೇ ಮದ್ರಾಸಿಗೆ ಬಂದ ಮನೆತನ. ಕನ್ನಡದಲ್ಲಿ ಅರ್ಧ ತಮಿಳೇ ಇರುತ್ತಿತ್ತು. ನನ್ನನ್ನು ಕರೆಯುತ್ತಿದ್ದದ್ದು "ಕಂಪ್ಯೂಟರಮ್ಮಾ" ಎಂದು.

ಅವಳು ಮನೆ ಹುಡುಕಿಕೊಂಡು ಹೋಗುತ್ತಿದ್ದದ್ದು ಸೀರೆ ಮಾರುವವಳಾಗಿ. ಆರೋಗ್ಯದವರು ಅಂದರೆ ಬೀದಿಗೆ ಬೀದಿಯೇ ಕಿವಿ ನಿಮಿರಿಸುತ್ತದಲ್ಲ, ಅದಕ್ಕೆ. ಹೆಗಲಿಗೆ ಚೀಲ, ಅದರೊಳಗೆ ನಾಲ್ಕು ಸೀರೆ. ಯಾರೂ ಕೊಳ್ಳದಿರಲೆಂದು ಬೆಲೆ ವಿಪರೀತ ಹೇಳಿ, ಬೇಕಾದ ಮನೆಯ ಒಳಗೆ "ನೀವು ಒಮ್ಮೆ ಉಟ್ಟು ನೋಡಿ ಮಾ" ಎಂದು ನುಸುಳಿಬಿಡುವುದು. ಒಂದು ದಿನ ಮುಖ ಊದಿಸಿಕೊಂಡು ಬಂದಳು. ಎಣ್ಣೂರಿನಲ್ಲಿ ಮೀನು ಮಾರುವವಳೊಬ್ಬಳು ಚೌಕಾಸಿಯನ್ನೂ ಮಾಡದೆ ಹೇಳಿದಷ್ಟು ಕೊಟ್ಟು ಒಂದನ್ನು ಕೊಂಡೇಬಿಟ್ಟಿದ್ದಳಂತೆ.

"ಲಾಭವೇ ಆಯ್ತಲ್ಲ?" ಎಂದೆ.

"ಲಾಭ ಏನು ಬಂತು, ಮಣ್ಣು! ಅದು ನನ್ನ ತಂಗಿ ಮಗಳ ವಳೈಕಾಪ್ಪಿಗೆ ಅಂತ ಇಟ್ಟಿದ್ದ ಸೀರೆ ಕಂಪ್ಯೂಟರಮ್ಮಾ. ಈಗ ಸೀಮಂತಕ್ಕೆ ನಿನ್ನ ಕೀಬೋರ್ಡ್ ಉಡಿಸಲಾ?"

ಆಮೇಲೆ ಫೋನುಗಳು ಬಂದವು. ಹಣ ಕೊಡುವವರಿಗೆ ಪುರಾವೆ ಬೇಕಂತೆ. ಪ್ರತಿ ಭೇಟಿಗೂ ಮನೆಯ ಬಾಗಿಲಿನ ಫೋಟೋ ತೆಗೆಯಬೇಕು. ತೆಗೆದ ಜಾಗ ತಾನಾಗಿ ನಕ್ಷೆಯ ಮೇಲೆ ಚುಕ್ಕೆಯಾಗಿ ಬೀಳುತ್ತದೆ. ಚುಕ್ಕೆ ಬೀಳದಿದ್ದರೆ ಭೇಟಿಯೇ ಆಗಿಲ್ಲವೆಂದು ಲೆಕ್ಕ. ಅಕ್ಕ ಫೋನನ್ನು ನನ್ನ ಮೇಜಿನ ಮೇಲೆ ಕುಕ್ಕಿದಳು. "ಸೀರೆ ಮಾರೋಳು ಬಾಗಿಲ ಫೋಟೋ ಯಾಕೆ ಹಿಡೀತಾಳೆ ಅಂತ ಎದುರು ಮನೆಯೋಳು ಕೇಳಲ್ವಾ? ನಾಳೆ ಆ ಹೆಂಗಸಿನ ಗತಿ?"

ಮೊದಲ ತಿಂಗಳು ಅವಳ ಹೆಸರಿನ ಮುಂದೆ ಸೊನ್ನೆ ಬಂತು. ಕೆಲಸ ಹೋಗುತ್ತದೆಂದು ನನಗೇ ಭಯವಾಗಿ, "ಎಲ್ಲಾದರೂ ಒಂದು ಬಾಗಿಲು ಹಿಡಿ ಮಾರಾಯ್ತಿ. ಬಸ್ ಸ್ಟ್ಯಾಂಡಿಗೆ ವಾಪಸ್ ಬರ್ತೀಯಲ್ಲ, ಅಲ್ಲೇ ಯಾವುದಾದರೂ ಅಂಗಡಿ ಬಾಗಿಲು. ಯಾರು ನೋಡ್ತಾರೆ?" ಎಂದೆ. ಹೌದು, ಹೇಳಿದ್ದು ನಾನು.

ನೋಡುವವರಿದ್ದರು. ಆರು ತಿಂಗಳ ನಂತರ ಪರಿಶೀಲನೆಗೆ ಬಂದ ತಂಡ ಗೋಡೆಯ ಮೇಲೆ ನಕ್ಷೆ ಮೂಡಿಸಿತು. ಉಳಿದವರ ಚುಕ್ಕೆಗಳು ಊರೆಲ್ಲ ಚೆಲ್ಲಿದ್ದವು. ಅಕ್ಕನವು ಮಾತ್ರ ಕೋಯಂಬೇಡು ಬಸ್ ನಿಲ್ದಾಣದಲ್ಲಿ ಇರುವೆ ಮುತ್ತಿದಂತೆ ಒಂದೇ ಕಡೆ. "ಇಷ್ಟೂ ಪೇಷಂಟ್ಸ್ ಬಸ್ ಸ್ಟ್ಯಾಂಡಲ್ಲೇ ವಾಸವೋ?" ಎಂದರು ಕನ್ನಡಕದ ಅಧಿಕಾರಿ. ಎಲ್ಲರೂ ನಕ್ಕರು. ನಮ್ಮ ಮೇಲಿನವರು ನನ್ನ ಕಡೆ ತಿರುಗಿ, ಇವರಿಗೆ ಸರಿಯಾಗಿ ಹೇಳಿಕೊಟ್ಟಿರಲಿಲ್ಲವೇ ಎಂದು ಕೇಳಿದರು.

"ಟ್ರೈನಿಂಗ್ ಕೊಟ್ಟಿದ್ದೆವು ಸಾರ್" ಎಂದೆ. ಅದು ಸುಳ್ಳಲ್ಲ. ಸುಳ್ಳಲ್ಲದ ಆ ಮಾತಿನಷ್ಟು ಹೊಲಸು ಮಾತನ್ನು ನಾನು ಬದುಕಿನಲ್ಲಿ ಆಡಿಲ್ಲ. ಮಾತ್ರೆ ಬಿಟ್ಟವರನ್ನೆಲ್ಲ ಅವಳು ನಿಜಕ್ಕೂ ಆಸ್ಪತ್ರೆಗೆ ಕರೆತಂದದ್ದು ಆಸ್ಪತ್ರೆಯ ದಾಖಲೆಯಲ್ಲೇ ಇತ್ತು. ಅದೂ ನನ್ನ ಬಾಯಿಂದ ಬರಲಿಲ್ಲ.

ಅಕ್ಕ ನನ್ನನ್ನೊಮ್ಮೆ ನೋಡಿದಳು. ನನ್ನ ಹೆಸರು ಹೇಳಲಿಲ್ಲ. ಅಂದೇ ಅವಳನ್ನು ಕೆಲಸದಿಂದ ತೆಗೆದರು. ಸಂಜೆ ಮೆಟ್ಟಿಲಿಳಿಯುವಾಗ ಇಷ್ಟೇ ಅಂದಳು: "ಭಯಪಡ್ಬೇಡ, ನಿಂಗೂ ಸಂಸಾರ ಐತೆ. ಎಣ್ಣೂರಲ್ಲಿ ಒಬ್ಬಳು ಇದ್ದಾಳಲ್ಲ, ಕೈಕೂಸಿನೋಳು, ಮಂಗಳವಾರ ಅವಳನ್ನ ಕರ್ಕೊಂಡು ಹೋಗ್ಬೇಕು. ಬಾಗಿಲ ಹತ್ರ ಮಾತ್ರ ಫೋನ್ ತೆಗೀಬೇಡಿ ಅಂತ ಹೇಳು."

ನಾನು ಹೇಳಿದೆ. ಅಕ್ಕನ ಜಾಗಕ್ಕೆ ಬಂದವಳು ನಿಯಮ ಮೀರಲಾದೀತೇ ಎಂದಳು. ಎಣ್ಣೂರಿನ ಚುಕ್ಕೆ ಬಿದ್ದದ್ದು ಆ ಮನೆಯ ಹೊಸಿಲ ಮೇಲೇ, ಒಂದು ಗೇಣೂ ಅತ್ತಿತ್ತಿಲ್ಲ. ವರದಿಯಲ್ಲಿ ಹಸಿರು ಬಣ್ಣ ಬಂತು. ಎರಡು ವಾರದೊಳಗೆ ಮನೆ ಒಡೆಯ ಆ ಹೆಂಗಸಿನ ಪಾತ್ರೆಗಳನ್ನು ಬೀದಿಗಿಟ್ಟ. ಕೂಸಿನೊಂದಿಗೆ ಎಲ್ಲಿಗೆ ಹೋದಳೋ... ಅದಕ್ಕೆ ನಮ್ಮ ವರದಿಯಲ್ಲಿ ಕಾಲಮ್ ಇರಲಿಲ್ಲ.

ಮರುವರ್ಷ ಒಂದು ಬೆಳಿಗ್ಗೆ ಮೇಲ್ ಬಂತು. ಹಣ ಕೊಡುವ ದೇಶ ಕೊಡುವುದನ್ನು ನಿಲ್ಲಿಸಿದೆ, ತಿಂಗಳ ಕೊನೆಗೆ ಎಲ್ಲ ಮುಗಿಸಿ ಎಂದು. ಹೊರಗೆ ತಿರುಗುವವರನ್ನೆಲ್ಲ ಮೊದಲು ಕಳಿಸಿದರು. ಕೊನೆಯ ವರದಿಗೆಂದು ನನ್ನನ್ನು ಉಳಿಸಿಕೊಂಡರು. ಮೂರು ತಿಂಗಳಿಂದ ಮಾತ್ರೆಗೆ ಬಾರದವರ ಪಟ್ಟಿ ತೆಗೆದಾಗ ಅದರಲ್ಲಿ ಅಕ್ಕನ ನಂಬರು ಇತ್ತು. ಕೆಲಸದಿಂದ ತೆಗೆಸಿಕೊಂಡವಳು ಅದೇ ಆಸ್ಪತ್ರೆಯ ಸಾಲಿನಲ್ಲಿ, ತಾನೇ ಕರೆತಂದವರ ನಡುವೆ ಹೇಗೆ ನಿಂತಾಳು? ಎರಡು ಸಲ ಫೋನ್ ಮಾಡಿದೆ, ಸ್ವಿಚ್ ಆಫ್. ಹುಡುಕಿಸೋಣವೆಂದರೆ ಹುಡುಕುವವರೇ ಉಳಿದಿರಲಿಲ್ಲ.

ಅವಳ ಸಾಲಿನ ಮುಂದೆ ಕಾರಣ ಆರಿಸಬೇಕಿತ್ತು: ಊರು ಬಿಟ್ಟರು, ನಿರಾಕರಿಸಿದರು, ತೀರಿಕೊಂಡರು, ಪತ್ತೆಯಿಲ್ಲ. ಸಂಜೆ ಐದಕ್ಕೆ ಲಾಗಿನ್ ಮುಚ್ಚುತ್ತದೆಂದು ಮೇಲಿನವರು ಬಾಗಿಲಲ್ಲೇ ನಿಂತಿದ್ದರು. ಕೊನೆಯದನ್ನು ಒತ್ತಿದೆ. ಅವಳ ಮನೆ ನಮ್ಮ ಮನೆಗಿಂತ ಮೂರು ಸ್ಟಾಪ್ ಹಿಂದೆ. ಅಂದು ಬಸ್ಸು ಅಲ್ಲಿ ನಿಂತಾಗ ನಾನು ಇಳಿಯಲಿಲ್ಲ. ನಾಳೆ ಹೋದರಾಯಿತು ಅಂದುಕೊಂಡೆ. ಮರುದಿನವೂ ಹಾಗೇ...

ಅವಳು ಸರ್ಕಾರಿ ಆಸ್ಪತ್ರೆಯ ಟಿಬಿ ವಾರ್ಡಿನಲ್ಲಿ ತೀರಿಕೊಂಡದ್ದನ್ನು ಎರಡು ತಿಂಗಳಾದ ಮೇಲೆ ಔಷಧ ಕೌಂಟರಿನವರು ತರಕಾರಿ ಸಂತೆಯಲ್ಲಿ ಸಿಕ್ಕು ಹೇಳಿದರು. ದಾಖಲೆಯನ್ನಾದರೂ ತಿದ್ದೋಣವೆಂದು ಮನೆಗೆ ಬಂದು ನನ್ನ ಹಳೆಯ ಪಾಸ್‌ವರ್ಡ್ ಹಾಕಿ ನೋಡಿದೆ, ತೆರೆಯಲಿಲ್ಲ. ದೂರದ ಯಾವುದೋ ದೇಶದ ಕಂಪ್ಯೂಟರಿನಲ್ಲಿ ಅವಳು ಇವತ್ತಿಗೂ ಪತ್ತೆಯಾಗದವಳು. ಹಾಗೆಂದು ಬರೆದಿಟ್ಟವಳಿಗೆ ಅವಳ ಬಾಗಿಲು ಗೊತ್ತಿತ್ತು.